ಶಕುನ ಹೇಳೋ ಹಲ್ಲಿ ಮತ್ತು ಕ್ವಾಂಟ್ ಕೋರ್ಸುಗಳ ರ‍್ಯಾಂಕಿಂಗ್

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಕಸಿನ್ ಒಬ್ಬ ಮೆಸೇಜ್ ಹಾಕ್ದ. ಅಮೆರಿಕದಲ್ಲಿ ಫೈನಾನ್ಷಿಯಲ್ ಎಂಜಿನಿಯರಿಂಗ್ (ಗಣಿತ, ಪ್ರೋಗ್ರಾಮಿಂಗ್ ಇಟ್ಕೊಂಡು ಹಣಕಾಸು ಮಾರುಕಟ್ಟೆ ಲೆಕ್ಕ ಹಾಕೋ ವಿದ್ಯೆ, ಇದಕ್ಕೇ ಕ್ವಾಂಟ್ ಅನ್ನೋದು) ಮಾಸ್ಟರ್ಸ್‌ಗೆ ಎರಡು ಕಡೆ ಸೀಟ್ ಸಿಕ್ಕಿದೆಯಂತೆ, ರ‍್ಯಾಂಕಿಂಗ್ ಲಿಸ್ಟಲ್ಲಿ ಒಂದು 6ನೇದು, ಇನ್ನೊಂದು 9ನೇದು, 9ನೇದವರು ಫೀಸಲ್ಲಿ ಒಂದಷ್ಟು ಬಿಟ್ಟಿದಾರೆ. "ಅಣ್ಣಾ, ಮೂರು ರ‍್ಯಾಂಕ್ ಕೆಳಗಿಂದು ತಗೊಂಡ್ರೆ ಮುಂದೆ ತೊಂದ್ರೆ ಆಗುತ್ತಾ?" ಅಂತ. ನಾನು ಮೊದ್ಲು "ಮಲ್ಕೋ ಮಾರಾಯ, ಬೆಳಿಗ್ಗೆ ಮಾತಾಡೋಣ" ಅಂತ ಟೈಪ್ ಮಾಡಿದ್ದೆ, ಆಮೇಲೆ ಅಳಿಸ್ದೆ, ಯಾಕಂದ್ರೆ ಇದೇ ಪ್ರಶ್ನೆ ಹಿಡ್ಕೊಂಡು ಒಂದು ಕಾಲದಲ್ಲಿ ನಾನೂ ನಿದ್ದೆಗೆಟ್ಟಿದೀನಿ. ಅವತ್ತು ನನ್ಗೆ ಯಾರೂ ಸರಿಯಾಗಿ ಹೇಳ್ಲಿಲ್ಲ, ಅವನಿಗಾದ್ರೂ ಹೇಳೋಣ ಅಂತ ಶುರು ಮಾಡಿದ್ದು ಇಷ್ಟುದ್ದ ಆಯ್ತು, ಅದಕ್ಕೇ ಇಲ್ಲಿ ಹಾಕ್ತಿದೀನಿ.

ಈ ರ‍್ಯಾಂಕಿಂಗ್ ಬಗ್ಗೆ ಜಗಳ ಆಡೋರೆಲ್ಲ ಮೊದ್ಲು ಹಿಡ್ಕೊಳ್ಳೋದು ಪಕ್ಷಪಾತದ ವಿಷ್ಯ. ಕ್ವಾಂಟ್‌ನೆಟ್ ಅನ್ನೋ ವೆಬ್‌ಸೈಟಿನ ಲಿಸ್ಟ್ ತಗೊಳ್ಳಿ, ಈ ಫೀಲ್ಡಲ್ಲಿ ಎಲ್ಲರೂ ನೋಡೋದು ಅದನ್ನೇ. ಅದ್ರಲ್ಲಿ ಇತ್ತೀಚಿನ ವರ್ಷಗಳಲ್ಲಿ ಪ್ರಿನ್ಸ್‌ಟನ್ ಮತ್ತೆ ಬರೂಕ್ ಕಾಲೇಜ್ ಮೇಲ್ತುದಿಯಲ್ಲಿ ಇರ್ತವೆ. ಬರೂಕ್ ಅಂದ್ರೆ ನ್ಯೂಯಾರ್ಕ್ ನಗರದ ಸರ್ಕಾರಿ ಯೂನಿವರ್ಸಿಟಿಯ ಒಂದು ಕಾಲೇಜು, ಹೊರಗಿನವರಿಗೆ ಹೆಸರೇ ಗೊತ್ತಿರಲ್ಲ, ಕೊಲಂಬಿಯಾ, ಕಾರ್ನೆಲ್, ಎಂಐಟಿ ಎಲ್ಲ ಬಿಟ್ಟು ಅದು ಹೇಗೆ ಮೇಲೆ ಬಂತು ಅಂತ ಹುಬ್ಬೇರಿಸ್ತಾರೆ. ಅದ್ರ ಜೊತೆಗೆ ಕ್ವಾಂಟ್‌ನೆಟ್‌ನವರು ಮಾರೋ ಸಿ ಪ್ಲಸ್ ಪ್ಲಸ್ ಆನ್‌ಲೈನ್ ಕೋರ್ಸು ಬರೂಕ್‌ನ ಇದೇ ಪ್ರೋಗ್ರಾಂ ಜೊತೆ ಸೇರಿ ನಡೆಯೋದು. ಅಲ್ಲಿಗೆ ಮುಗೀತು, "ನೋಡಿದ್ರಾ, ನಾವು ಹೇಳ್ಲಿಲ್ವಾ" ಅಂತ.

ನನ್ನ ಅಭಿಪ್ರಾಯ ಕೇಳಿದ್ರೆ, ಅಂಥ ಸಂಬಂಧ ಇದ್ರೆ ಅದನ್ನ ಲಿಸ್ಟಿನ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕ್ಬೇಕು, ಸರಿ. ಆದ್ರೆ ಸಂಬಂಧ ಇದೆ ಅಂದ ಮಾತ್ರಕ್ಕೆ ಲೆಕ್ಕ ಸುಳ್ಳು ಅಂತ ಆಗಲ್ಲ. ಬರೂಕ್‌ನವರು ತಗೊಳ್ಳೋದೇ ಬೆರಳೆಣಿಕೆಯಷ್ಟು ಜನನ್ನ, ಇರೋದು ಮ್ಯಾನ್‌ಹಟನ್‌ನಲ್ಲಿ, ಪಾಠ ಮಾಡೋರಲ್ಲಿ ಎಷ್ಟೋ ಜನ ಹಗಲು ಬ್ಯಾಂಕಲ್ಲೋ ಹೂಡಿಕೆ ಫಂಡಲ್ಲೋ ಕೆಲಸ ಮಾಡೋರು, ಟೊರಾಂಟೊದಲ್ಲಿ ನಡೆಯೋ ರಾಟ್‌ಮನ್ ಟ್ರೇಡಿಂಗ್ ಸ್ಪರ್ಧೆಯನ್ನ ಅವರ ಹುಡುಗ್ರು ಒಂದ್ಸಲ ಅಲ್ಲ ಹಲವು ಸಲ ಗೆದ್ದಿದಾರೆ, ಫೀಸು ಖಾಸಗಿಯವರಿಗೆ ಹೋಲಿಸಿದ್ರೆ ತುಂಬಾ ಕಮ್ಮಿ. ಹೆಸರು ಕೇಳಿಲ್ಲ ಅನ್ನೋ ಕಾರಣಕ್ಕೆ "ಇದು ಮೇಲಿರಬಾರದು" ಅನ್ನೋರದ್ದೂ ಒಂದು ಪಕ್ಷಪಾತವೇ ಅಲ್ವಾ. ಐವಿ ಲೀಗ್ ಅಂತ ಬೋರ್ಡ್ ಇದ್ರೆ ಯಾರೂ ಕೇಳ್ತಾನೇ ಇರ್ಲಿಲ್ಲ.

ಹಾಗಾಗಿ ಯಾರು ಯಾರಿಗೆ ಬೇಕಾದವರು ಅನ್ನೋದ್ರಲ್ಲಿ ನನ್ಗೆ ಅಷ್ಟು ಆಸಕ್ತಿ ಇಲ್ಲ. ನನ್ಗೆ ನಗು ಬರೋದು ಬೇರೆ ವಿಷಯಕ್ಕೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತು ಅಂತಾರಲ್ಲ, ಹಾಗೆ. ಈ ಕೋರ್ಸುಗಳಲ್ಲಿ ಮೊದಲ ಸೆಮಿಸ್ಟರಿಂದ ನಮ್ ತಲೆಗೆ ತುಂಬೋದೇನು? ಸ್ಯಾಂಪಲ್ ಚಿಕ್ಕದಿದ್ರೆ ಸರಾಸರಿ ನಂಬಬೇಡ, ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಆಚೀಚೆ ಇರಬಹುದು ಅನ್ನೋ ಅಳತೆ) ಇಲ್ಲದ ಎಸ್ಟಿಮೇಟ್ ಯಾರಿಗೂ ತೋರಿಸಬೇಡ, ಸತ್ತ, ಅಂದ್ರೆ ಮುಚ್ಚಿಹೋದ ಫಂಡುಗಳನ್ನ ಬಿಟ್ಟು ಬದುಕಿರೋ ಫಂಡುಗಳ ರಿಟರ್ನ್ ಮಾತ್ರ ನೋಡಿದ್ರೆ ಅದು ಸರ್ವೈವರ್‌ಶಿಪ್ ಬಯಾಸ್. ಇಷ್ಟೆಲ್ಲ ಹೇಳಿಕೊಡೋ ಕೋರ್ಸುಗಳು ತಮ್ಮ ರ‍್ಯಾಂಕ್ ವಿಷ್ಯ ಬಂದಾಗ "ನಾವು ಈ ವರ್ಷ 5ನೇ ಸ್ಥಾನ" ಅಂತ ಹೋಮ್‌ಪೇಜಲ್ಲಿ ಬ್ಯಾನರ್ ಕಟ್ಟಿಬಿಡ್ತವೆ. ಪ್ಲಸ್ ಆರ್ ಮೈನಸ್ ಎಷ್ಟು ಅಂತ ಒಬ್ಬರೂ ಹಾಕಲ್ಲ.

ಸುಮ್ನೆ ಒಂದು ಲೆಕ್ಕ ಮಾಡೋಣ, ಪೆನ್ನು ಪೇಪರ್ ಸಾಕು. 30 ಜನರ ಬ್ಯಾಚ್ ಅಂತ ಇಟ್ಕೊಳ್ಳಿ, ಒಬ್ಬೊಬ್ಬರಿಗೂ ಮೂರು ತಿಂಗಳಲ್ಲಿ ಕೆಲಸ ಸಿಗೋ ಸಂಭವ 90 ಪರ್ಸೆಂಟ್. ಹಾಗಾದ್ರೆ ಸರಾಸರಿ 27 ಜನಕ್ಕೆ ಸಿಗಬೇಕು. ಸ್ಟ್ಯಾಂಡರ್ಡ್ ಡೀವಿಯೇಷನ್ (ವರ್ಷದಿಂದ ವರ್ಷಕ್ಕೆ ಆಗೋ ಏರಿಳಿತದ ಅಳತೆ) ಅಂದ್ರೆ 30 ಇಂಟು 0.9 ಇಂಟು 0.1ರ ವರ್ಗಮೂಲ, ಸುಮಾರು 1.6 ಜನ. ಅಂದ್ರೆ ಒಂದು ವರ್ಷ 25 ಜನಕ್ಕೆ ಸಿಕ್ಕಿದ್ರೂ ಆಶ್ಚರ್ಯ ಇಲ್ಲ, ಇನ್ನೊಂದು ವರ್ಷ 29 ಜನಕ್ಕೆ ಸಿಕ್ಕಿದ್ರೂ ಆಶ್ಚರ್ಯ ಇಲ್ಲ, ಕಾಲೇಜಲ್ಲಿ ಒಂದು ಕುರ್ಚಿನೂ ಬದಲಾಗಿಲ್ಲ. ಪರ್ಸೆಂಟಲ್ಲಿ ಬರೆದ್ರೆ ಒಂದು 83, ಇನ್ನೊಂದು 97. ಈ 83ಕ್ಕೂ 97ಕ್ಕೂ ಮಧ್ಯೆ ಲಿಸ್ಟಲ್ಲಿ ಎಷ್ಟು ಕಾಲೇಜು ಕೂತಿರ್ತವೆ ಹೇಳಿ. ಬ್ಯಾಚ್ 100 ಜನದ್ದಾದ್ರೆ ಏರಿಳಿತ ಸ್ವಲ್ಪ ಕಮ್ಮಿ ಆಗುತ್ತೆ, ಆದ್ರೂ 3 ಪರ್ಸೆಂಟ್ ಆಚೀಚೆ ಇದ್ದೇ ಇರುತ್ತೆ. ತಮಾಷೆ ಅಂದ್ರೆ ಇದ್ರಿಂದ ಸಣ್ಣ ಬ್ಯಾಚಿನ ಕಾಲೇಜುಗಳು ಲಿಸ್ಟಿನ ಎರಡೂ ತುದಿಗೆ ತೂರಿಕೊಳ್ತವೆ, ಈ ವರ್ಷ ಮೇಲೆ ಮುಂದಿನ ವರ್ಷ ಕೆಳಗೆ, ಆಗ "ಇವರ ಕ್ವಾಲಿಟಿ ಬಿದ್ದೋಯ್ತು" ಅಂತ ಮಾತು ಶುರು.

ಇದನ್ನ ನಾನೊಬ್ಬನೇ ಕಂಡುಹಿಡಿದಿದ್ದಲ್ಲ. ಹಾರ್ವಿ ಗೋಲ್ಡ್‌ಸ್ಟೈನ್ ಮತ್ತು ಡೇವಿಡ್ ಸ್ಪೀಗಲ್‌ಹಾಲ್ಟರ್ ಅನ್ನೋ ಇಬ್ಬರು ಸ್ಟ್ಯಾಟಿಸ್ಟಿಷಿಯನ್‌ಗಳು 1996ರಲ್ಲೇ ಶಾಲೆ, ಆಸ್ಪತ್ರೆಗಳ ಇಂಥ ಪಟ್ಟಿಗಳನ್ನ ತಗೊಂಡು ಪ್ರತಿಯೊಂದಕ್ಕೂ ಇಂಟರ್ವಲ್ (ಇಷ್ಟರಿಂದ ಇಷ್ಟರೊಳಗೆ ಎಲ್ಲಾದ್ರೂ ಇರಬಹುದು ಅನ್ನೋ ಗೆರೆ) ಹಾಕಿ ತೋರಿಸಿದ್ರು. ಮಧ್ಯದಲ್ಲಿ ಇರೋರನ್ನ ಒಬ್ಬರಿಂದ ಒಬ್ಬರನ್ನ ಬೇರೆ ಮಾಡೋಕೇ ಆಗಲ್ಲ, ಎಲ್ಲರ ಗೆರೆಯೂ ಒಂದರ ಮೇಲೊಂದು ಬಿದ್ದಿರುತ್ತೆ. ಸುಮಾರು ಮೂವತ್ತು ವರ್ಷ ಆಯ್ತು. ಸ್ಟ್ಯಾಟಿಸ್ಟಿಕ್ಸ್ ಗೊತ್ತಿಲ್ಲದವರು ಇದನ್ನ ಓದಿಲ್ಲ ಅಂದ್ರೆ ಸರಿ, ನಾವ್ಯಾಕೆ ಓದಿಲ್ಲ?

ಸಂಬಳದ ಕಾಲಂ ಇನ್ನೂ ಮಜಾ. 29 ಜನಕ್ಕೆ 1,20,000 ಡಾಲರ್, ಒಬ್ಬ ಪುಣ್ಯಾತ್ಮ ಹೈ ಫ್ರೀಕ್ವೆನ್ಸಿ ಟ್ರೇಡಿಂಗ್ ಕಂಪನಿಗೆ ಹೋಗಿ 3,00,000 ತಗೊಂಡ ಅಂತ ಊಹಿಸ್ಕೊಳ್ಳಿ. ಬ್ಯಾಚಿನ ಸರಾಸರಿ 1,26,000 ಆಗೋಯ್ತು. ಉಳಿದ 29 ಜನರ ಜೇಬಿಗೆ ಒಂದು ಪೈಸೆ ಹೆಚ್ಚಿಗೆ ಬಂದಿಲ್ಲ, ಕಾಲೇಜು ಮಾತ್ರ ಎರಡು ಮೆಟ್ಟಿಲು ಮೇಲೆ. ಮೀಡಿಯನ್ (ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದ್ರೆ ಸರಿ ನಡುವೆ ಬರೋನ ಸಂಬಳ) ಕೇಳಿ, ಅದೂ ಸೇರುವಾಗ ಒಂದ್ಸಲ ಕೊಡೋ ಸೈನ್-ಆನ್ ಬೋನಸ್ ಸೇರಿಸಿದ್ದಾ ಬಿಟ್ಟಿದ್ದಾ ಅಂತ ಕೇಳಿ. ನ್ಯೂಯಾರ್ಕ್ ಸಂಬಳನೂ ಬಾಡಿಗೆ ಕಮ್ಮಿ ಇರೋ ಷಾರ್ಲೆಟ್ ಊರಿನ ಸಂಬಳನೂ ಒಂದೇ ಕಾಲಂನಲ್ಲಿ ಹಾಕಿದ್ರೆ ಬಾಡಿಗೆ ಕಟ್ಟೋನಿಗೆ ಏನು ಅರ್ಥ ಆಗುತ್ತೆ? ಓದಿ ಮುಗ್ಸಿ ತನ್ನ ದೇಶಕ್ಕೆ ವಾಪಸ್ ಹೋಗಿ ಒಳ್ಳೇ ಕೆಲಸ ಹಿಡಿದವನ ಸಂಬಳ ಡಾಲರಿಗೆ ತಿರುಗಿಸಿದ್ರೆ ಅವನು ಬ್ಯಾಚಿಗೇ ಭಾರ.

ಈಗ ಛೇದದ ಕಥೆಗೆ ಬರ್ತೀನಿ, ನನ್ಗೆ ವೈಯಕ್ತಿಕವಾಗಿ ಗೊತ್ತಿರೋದು ಇದೇ. ಹೈಸ್ಕೂಲಲ್ಲಿ ಅಂಶ ಛೇದ ಅಂತ ಓದಿದ್ವಲ್ಲ, ರ‍್ಯಾಂಕಿಂಗ್ ಆಟ ಎಲ್ಲ ನಡೆಯೋದು ಛೇದದಲ್ಲಿ. ನಾನು ಓದಿದ ಕಡೆ (ಹೆಸರು ಬೇಡ) ಕೋರ್ಸ್ ಮುಗಿಯೋ ಹೊತ್ತಿಗೆ ನನ್ಗಿನ್ನೂ ಆಫರ್ ಇರ್ಲಿಲ್ಲ. ಪ್ಲೇಸ್‌ಮೆಂಟ್ ಆಫೀಸಿಂದ ಒಂದು ಫಾರ್ಮ್ ಬಂತು, "ಸದ್ಯ ಸಕ್ರಿಯವಾಗಿ ಕೆಲಸ ಹುಡುಕ್ತಿದ್ದೀರಾ" ಅಂತ ಒಂದು ಪ್ರಶ್ನೆ, ಹೌದು ಇಲ್ಲ ಎರಡು ಬಾಕ್ಸು. ನಾನು ಹೌದು ಅಂತ ಹಾಕಿ ಕಳಿಸ್ದೆ. ಎರಡು ದಿನ ಬಿಟ್ಟು ಅಲ್ಲಿನ ಮೇಡಂ ಫೋನ್ ಮಾಡಿದ್ರು, ತುಂಬಾ ಒಳ್ಳೇವ್ರು, ನನ್ ರೆಸ್ಯೂಮೆ ನಾಲ್ಕು ಸಲ ತಿದ್ದಿಕೊಟ್ಟಿದ್ದವರು. ಪಿಎಚ್‌ಡಿ ಮಾಡೋ ಯೋಚನೆ ಇದೆ ಅಂತ ಹಿಂದೆ ಹೇಳಿದ್ರಲ್ಲ, ಹಾಗಿದ್ರೆ "ಇಲ್ಲ" ಅಂತ ಹಾಕಬಹುದಲ್ವಾ, ನಿಮಗೇನೂ ವ್ಯತ್ಯಾಸ ಆಗಲ್ಲ ಅಂದ್ರು. ನಾನು ಪಿಎಚ್‌ಡಿ ಅಂದಿದ್ದು ಊಟದ ಟೇಬಲಲ್ಲಿ ಬಾಯಿ ಮಾತಿಗೆ. ಆದ್ರೂ ಆ ಸಮಯದಲ್ಲಿ ಬೇಡ ಅನ್ನೋ ಧೈರ್ಯ ಇರ್ಲಿಲ್ಲ, ಮುಂದೆ ಅವರ ಕಡೆಯಿಂದಾನೇ ಇಂಟರ್ವ್ಯೂ ಬರಬೇಕಲ್ಲ, ಬಾಕ್ಸ್ ಬದಲಾಯಿಸ್ದೆ.

ಅದ್ರ ಅರ್ಥ ಏನು ಅಂತ ಆಮೇಲೆ ಕೂತು ಲೆಕ್ಕ ಹಾಕ್ದೆ. 30 ಜನರಲ್ಲಿ 24 ಜನಕ್ಕೆ ಕೆಲಸ ಸಿಕ್ಕಿದೆ ಅನ್ಕೊಳ್ಳಿ, ಅದು 80 ಪರ್ಸೆಂಟ್. ಉಳಿದ ಆರರಲ್ಲಿ ಇಬ್ಬರು "ಪಿಎಚ್‌ಡಿ ಯೋಚನೆ", ಇಬ್ಬರು ಇಮೇಲಿಗೆ ಉತ್ತರ ಕೊಟ್ಟಿಲ್ಲ, ಅವರನ್ನೆಲ್ಲ ಛೇದದಿಂದ ತೆಗೆದ್ರೆ 26ಕ್ಕೆ 24, ಅಂದ್ರೆ 92 ಪರ್ಸೆಂಟ್. ಒಂದೂ ಸುಳ್ಳು ಹೇಳಿಲ್ಲ, ಒಬ್ಬರಿಗೂ ಹೊಸದಾಗಿ ಕೆಲಸ ಕೊಡಿಸಿಲ್ಲ. ಉತ್ತರ ಕೊಡದೇ ಇರೋರು ಯಾರು ಅಂತ ಯೋಚ್ನೆ ಮಾಡಿ, ಕೈತುಂಬಾ ಸಂಬಳ ಸಿಕ್ಕಿದವನು ಸಂಭ್ರಮದಿಂದ ಫಾರ್ಮ್ ತುಂಬ್ತಾನೆ, ಸಿಗದೇ ಇದ್ದವನು ಆ ಇಮೇಲ್ ತೆಗೆಯೋದೇ ಇಲ್ಲ. ಸತ್ತ ಫಂಡು ಡೇಟಾಬೇಸಿಂದ ಮಾಯ ಆಗೋದಕ್ಕೂ ಇದಕ್ಕೂ ಏನ್ ವ್ಯತ್ಯಾಸ.

ಹೊರದೇಶದ ಹುಡುಗರ ಪಾಡು ಇದ್ರಲ್ಲಿ ಇನ್ನೊಂದು ಸುತ್ತು ಸಿಕ್ಕಿಕೊಳ್ಳುತ್ತೆ. ಈ ಪ್ರೋಗ್ರಾಂಗಳಲ್ಲಿ ಚೀನಾ, ಭಾರತದವರೇ ದೊಡ್ಡ ಸಂಖ್ಯೆಯಲ್ಲಿರೋದು. ಕೋರ್ಸ್ ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡೋಕೆ ಬಿಡ್ತಾರೆ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಡಿಗ್ರಿ ಆದ್ರೆ ಇನ್ನೂ 24 ತಿಂಗಳು. ಆದ್ರೆ ಮೊದಲ ಆ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಕೂರೋ ಹಾಗಿಲ್ಲ. ರ‍್ಯಾಂಕಿಂಗಿನವರು ಲೆಕ್ಕ ತಗೊಳ್ಳೋದು ಯಾವಾಗ? ಮೂರು ತಿಂಗಳಿಗೆ. ಅಷ್ಟೊತ್ತಿಗೆ ಕೆಲಸ ಸಿಗದವನು ಒಂದೋ ಗಂಟುಮೂಟೆ ಕಟ್ಟಿರ್ತಾನೆ, ಇಲ್ಲಾ ಗಡಿಯಾರ ನಿಲ್ಲಿಸೋಕೆ ಅಂತ ವಾರಕ್ಕೆ 20 ಗಂಟೆಯ ಸಂಬಳ ಇಲ್ಲದ ಏನೋ ಒಂದು ಕೆಲಸ ಹಿಡಿದಿರ್ತಾನೆ, ವೀಸಾ ನಿಯಮದ ಪ್ರಕಾರ ಅದೂ ನಡೆಯುತ್ತೆ. ವಾಪಸ್ ಹೋದವನು ಛೇದದಲ್ಲಿ ಇದಾನಾ? ಸಂಬಳ ಇಲ್ಲದವನು ಅಂಶದಲ್ಲಿ ಇದಾನಾ? ಒಂದೊಂದು ಕಾಲೇಜಿಗೆ ಒಂದೊಂದು ಉತ್ತರ. ಆಮೇಲೆ ಎಚ್-1ಬಿ ಅನ್ನೋ ಕೆಲಸದ ವೀಸಾದ ಲಾಟರಿ ಬೇರೆ, ವರ್ಷಕ್ಕೆ 65,000 ವೀಸಾ, ಅಲ್ಲಿಯ ಮಾಸ್ಟರ್ಸ್ ಮಾಡಿದವರಿಗೆ ಮೇಲೆ 20,000. ಈ ತಲೆನೋವು ಬೇಡ ಅಂತ ಕೆಲವು ಕಂಪನಿಗಳು ಸ್ಪಾನ್ಸರ್ ಮಾಡೋದೇ ಇಲ್ಲ. ಹಾಗಾಗಿ ಬ್ಯಾಚಲ್ಲಿ ಅಮೆರಿಕನ್ ಪಾಸ್‌ಪೋರ್ಟಿನವರು ಎಷ್ಟು ಜನ ಅನ್ನೋದೇ ಪ್ಲೇಸ್‌ಮೆಂಟ್ ಪರ್ಸೆಂಟನ್ನ ಎಷ್ಟೋ ಮಟ್ಟಿಗೆ ನಿರ್ಧಾರ ಮಾಡಿಬಿಡಬಹುದು, ಅದಕ್ಕೂ ಪಾಠಕ್ಕೂ ಸಂಬಂಧ ಏನು? ರ‍್ಯಾಂಕ್ ಏರಿಸೋಕೆ ಸುಲಭದ ದಾರಿ ಯಾವುದು ಅಂತ ಅಡ್ಮಿಷನ್ ಕಮಿಟಿಯವರಿಗೆ ಹೇಳಿಕೊಡಬೇಕಾ?

"ಪದವಿ ಹೊತ್ತಿಗೆ ಎಷ್ಟು ಜನಕ್ಕೆ ಕೆಲಸ" ಅನ್ನೋ ಇನ್ನೊಂದು ಕಾಲಂ ಇದೆ, ಅದೂ ಹಾಗೇ. ಪ್ರಿನ್ಸ್‌ಟನ್‌ದು ಮಾಮೂಲಿ ಎರಡು ವರ್ಷ, ಮಧ್ಯೆ ಪೂರ್ತಿ ಬೇಸಿಗೆ ಇಂಟರ್ನ್‌ಷಿಪ್. ಕಾರ್ನೆಗಿ ಮೆಲನ್‌ದು ಆಗಸ್ಟಲ್ಲಿ ಶುರುವಾಗಿ ಮುಂದಿನ ವರ್ಷ ಡಿಸೆಂಬರಿಗೆ ಮುಗಿಯುತ್ತೆ, 16 ತಿಂಗಳು. ಬರ್ಕ್ಲಿಯದ್ದು ಒಂದೇ ವರ್ಷ, ಅದೂ ಮಾರ್ಚಲ್ಲಿ ಶುರು. ಒಬ್ಬ ಡಿಸೆಂಬರಲ್ಲಿ ಹೊರಬರ್ತಾನೆ, ಒಬ್ಬ ಮಾರ್ಚಲ್ಲಿ, ಒಬ್ಬ ಮೇ ತಿಂಗಳಲ್ಲಿ, ಕಂಪನಿಗಳು ಜನ ತಗೊಳ್ಳೋ ಸೀಸನ್ ಮಾತ್ರ ಯಾರಿಗೋಸ್ಕರನೂ ಕಾಯಲ್ಲ. ಮೂರು ಬೇರೆ ಬೇರೆ ಕಡೆಯಿಂದ ಓಟ ಶುರು ಮಾಡಿಸಿ ಒಂದೇ ಸ್ಟಾಪ್‌ವಾಚಲ್ಲಿ ಅಳೆದ ಹಾಗೆ.

ಪೀರ್ ಸರ್ವೇ ಬಗ್ಗೆ ಜಾಸ್ತಿ ಹೇಳಲ್ಲ, ಒಂದು ಪ್ರೋಗ್ರಾಂ ಡೈರೆಕ್ಟರ್ ಇನ್ನೊಂದು ಪ್ರೋಗ್ರಾಂಗೆ ಮಾರ್ಕ್ಸ್ ಕೊಡ್ತಾರೆ, ಆ ಇನ್ನೊಂದರ ಬಗ್ಗೆ ಅವರಿಗೆ ಗೊತ್ತಿರೋದು ಹೋದ ವರ್ಷದ ರ‍್ಯಾಂಕ್ ಮಾತ್ರ. ಅಷ್ಟೇ.

ಜಿಆರ್‌ಇ, ಜಿಪಿಎ (ಪ್ರವೇಶ ಪರೀಕ್ಷೆಯ ಮಾರ್ಕ್ಸು, ಡಿಗ್ರಿ ಮಾರ್ಕ್ಸಿನ ಸರಾಸರಿ) ಸೇರಿಸೋದಂತೂ ನನ್ಗೆ ಯಾವತ್ತೂ ಅರ್ಥ ಆಗಿಲ್ಲ. ಜಿಆರ್‌ಇಯ ಕ್ವಾಂಟ್, ಅಂದ್ರೆ ಗಣಿತದ ಸೆಕ್ಷನ್ನಲ್ಲಿ ಪೂರ್ತಿ ಮಾರ್ಕ್ಸ್ 170, ಇಲ್ಲಿಗೆ ಅಪ್ಲೈ ಮಾಡೋರೆಲ್ಲ 168, 169, 170ರಲ್ಲೇ ಗುಂಪುಗೂಡಿರ್ತಾರೆ. ಬ್ಯಾಚಿನ ಸರಾಸರಿ 169.1 ಮತ್ತು 168.7 ಅಂತ ವ್ಯತ್ಯಾಸ ಮಾಡಿ ಅಂಕ ಕೊಟ್ರೆ ಅಳೆದಿದ್ದು ಏನು, ಒಂದು ಪ್ರಶ್ನೆಯಲ್ಲಿ ಕೈ ತಪ್ಪಿ ಮೌಸ್ ಒತ್ತಿದ್ದನ್ನಾ? ಅದಕ್ಕಿಂತ ದೊಡ್ಡದು, ಸೇರುವಾಗ್ಲೇ ಚುರುಕಾಗಿದ್ದವರನ್ನ ಆರಿಸಿಕೊಂಡಿದ್ದಕ್ಕೆ ಒಂದ್ಸಲ ಅಂಕ, ಆ ಚುರುಕಾದವರಿಗೆ ಕೆಲಸ ಸಿಕ್ಕಿದ್ದಕ್ಕೆ ಇನ್ನೊಂದ್ಸಲ ಅಂಕ. ಕಾಲೇಜು ಮಧ್ಯದಲ್ಲಿ ಏನು ಮಾಡ್ತು ಅನ್ನೋ ಕಾಲಂ ಎಲ್ಲಿ? ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಇದನ್ನ ಡಿಗ್ರಿ ಕಾಲೇಜುಗಳ ಮಟ್ಟದಲ್ಲಿ ನೋಡಿದ್ರು. ಒಂದೇ ಥರದ ಕಾಲೇಜುಗಳಿಗೆ ಅಪ್ಲೈ ಮಾಡಿ ಸೀಟೂ ಸಿಕ್ಕ ಹುಡುಗರನ್ನ ಹೋಲಿಸಿದಾಗ, ದೊಡ್ಡ ಹೆಸರಿನ ಕಡೆ ಸೇರಿದವರಿಗೂ ಅದನ್ನ ಬಿಟ್ಟು ಬೇರೆ ಕಡೆ ಸೇರಿದವರಿಗೂ ಮುಂದೆ ಸಂಪಾದನೆಯಲ್ಲಿ ಹೆಚ್ಚುಕಮ್ಮಿ ವ್ಯತ್ಯಾಸವೇ ಕಾಣ್ಲಿಲ್ಲ, ಬಡ ಮನೆಯಿಂದ ಬಂದವರಿಗೆ ಮಾತ್ರ ಹೆಸರು ಉಪಯೋಗ ಆಗಿತ್ತು. ಕ್ವಾಂಟ್ ಮಾಸ್ಟರ್ಸ್‌ಗೆ ಇದು ಹಾಗ್ಹಾಗೇ ಅನ್ವಯ ಆಗುತ್ತೆ ಅಂತ ನಾನು ಹೇಳಲ್ಲ, ಇಲ್ಲಿ ರೆಸ್ಯೂಮೆ ಮೇಲಿನ ಹೆಸರು ನೋಡಿಯೇ ಫಿಲ್ಟರ್ ಮಾಡೋ ಕಂಪನಿಗಳಿವೆ, ಆದ್ರೆ ಪ್ರಶ್ನೆ ಕೇಳೋ ರೀತಿ ಅದು.

ಪಟ್ಟಿಯಲ್ಲಿ ಯಾರಿಲ್ಲ ಅನ್ನೋದನ್ನೂ ನೋಡ್ಬೇಕು. ಡೇಟಾ ಕೊಡದ ಪ್ರೋಗ್ರಾಂ ಲಿಸ್ಟಲ್ಲಿ ಬರಲ್ಲ, ಓದುವವನು "ಓ, ಇದು ಟಾಪ್ 20ರಲ್ಲೂ ಇಲ್ಲ" ಅಂದ್ಕೊಳ್ತಾನೆ. ಕ್ವಾಂಟ್‌ನೆಟ್ ನೋಡೋದು ಉತ್ತರ ಅಮೆರಿಕ ಮಾತ್ರ. ಗಣಿತಜ್ಞೆ ನಿಕೋಲ್ ಎಲ್ ಕರೂಯಿ ಪ್ಯಾರಿಸ್ಸಲ್ಲಿ ಕಟ್ಟಿದ ಕೋರ್ಸಿಂದ ಬಂದವರು ಪ್ರಪಂಚದ ಎಷ್ಟೋ ಬ್ಯಾಂಕುಗಳ ಡೆರಿವೇಟಿವ್ಸ್ (ಷೇರು, ಬಡ್ಡಿ ದರದಂಥವುಗಳ ಮೇಲೆ ಕಟ್ಟೋ ಒಪ್ಪಂದ) ಡೆಸ್ಕುಗಳನ್ನ ತುಂಬಿದ್ರು, ಝೂರಿಕ್, ಆಕ್ಸ್‌ಫರ್ಡ್, ಇಂಪೀರಿಯಲ್ ಇವೆ, ಇವ್ಯಾವೂ ಆ ಲಿಸ್ಟಲ್ಲಿ ಸಿಗಲ್ಲ. ರಿಸ್ಕ್ ಡಾಟ್ ನೆಟ್‌ನವರು ಪ್ರಪಂಚದ್ದೆಲ್ಲ ಸೇರಿಸಿ ಬೇರೆ ಪಟ್ಟಿ ಮಾಡ್ತಾರೆ, ಅವರ ಅಳತೆಗೋಲೇ ಬೇರೆ, ಹಾಗಾಗಿ ಒಂದೇ ಕಾಲೇಜು ಇಲ್ಲೊಂದು ನಂಬರು ಅಲ್ಲೊಂದು ನಂಬರು. ಕಾಲೇಜಿನವರು ಯಾವುದರಲ್ಲಿ ಮೇಲಿದಾರೋ ಅದನ್ನೇ ಬ್ಯಾನರ್ ಮಾಡ್ತಾರೆ, ಪಾಪ ಅವರ ತಪ್ಪೂ ಅಲ್ಲ.

ಇಷ್ಟೆಲ್ಲ ಡೇಟಾ ಬರೋದು ಎಲ್ಲಿಂದ? ಕಾಲೇಜಿನವರೇ ತುಂಬಿ ಕಳಿಸೋದು. ಇದು ಎಷ್ಟು ದೂರ ಹೋಗಬಹುದು ಅನ್ನೋಕೆ ಕ್ವಾಂಟ್ ಪ್ರಪಂಚದ ಆಚೆ ನೋಡ್ಬೇಕು. ಟೆಂಪಲ್ ಯೂನಿವರ್ಸಿಟಿಯ ಫಾಕ್ಸ್ ಬಿಸಿನೆಸ್ ಸ್ಕೂಲಿನ ಆನ್‌ಲೈನ್ ಎಂಬಿಎ, ಕಾಲೇಜುಗಳಿಗೆ ರ‍್ಯಾಂಕ್ ಕೊಡೋ ಯುಎಸ್ ನ್ಯೂಸ್ ಅನ್ನೋ ಸಂಸ್ಥೆಯ ಪಟ್ಟಿಯಲ್ಲಿ ಸತತ ನಾಲ್ಕು ವರ್ಷ ನಂಬರ್ ಒನ್ ಇತ್ತು, 2018ರಲ್ಲಿ ಗೊತ್ತಾಯ್ತು ಸೇರಿದವರೆಲ್ಲ ಜಿಮ್ಯಾಟ್ ಪ್ರವೇಶ ಪರೀಕ್ಷೆ ಬರೆದಿದಾರೆ ಅಂತ ತೋರಿಸಿದ್ರು, ನಿಜಕ್ಕೂ ಬರೆದಿದ್ದೋರು ಕೆಲವರು ಮಾತ್ರ ಅಂತ. ಆಗಿನ ಡೀನ್ ಮೋಷೆ ಪೋರಟ್ ಮೇಲೆ ವಂಚನೆ ಕೇಸ್ ನಡೆದು 2022ರಲ್ಲಿ 14 ತಿಂಗಳ ಜೈಲು ಶಿಕ್ಷೆ ಆಯ್ತು. ಅದೇ 2022ರಲ್ಲಿ ಕೊಲಂಬಿಯಾದ ಗಣಿತದ ಪ್ರೊಫೆಸರ್ ಮೈಕಲ್ ಥಾಡಿಯಸ್, ತಾನು ಕೆಲಸ ಮಾಡೋ ಯೂನಿವರ್ಸಿಟಿ ಕೊಟ್ಟ ಅಂಕಿಅಂಶಗಳೇ ಸರಿ ಇಲ್ಲ ಅಂತ ಒಂದೊಂದಾಗಿ ಬಿಡಿಸಿ ಬರೆದ್ರು, ಯುಎಸ್ ನ್ಯೂಸಿನ ಯೂನಿವರ್ಸಿಟಿ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿದ್ದ ಕೊಲಂಬಿಯಾ ಅದೇ ಸೆಪ್ಟೆಂಬರಲ್ಲಿ 18ಕ್ಕೆ ಬಿತ್ತು. ಒಂದು ವರ್ಷದಲ್ಲಿ ಯೂನಿವರ್ಸಿಟಿ 16 ಮೆಟ್ಟಿಲಷ್ಟು ಕೆಟ್ಟೋಯ್ತಾ? ಗಣಿತ ಮೇಷ್ಟ್ರು ಒಬ್ಬರು ಬೆಕ್ಕಿಗೆ ಗಂಟೆ ಕಟ್ಟಿದ್ರು ಅನ್ನೋದು ನನ್ಗೆ ಖುಷಿ. ಕ್ವಾಂಟ್ ಕೋರ್ಸುಗಳ ಡೇಟಾನ ಅಷ್ಟು ಕೂತು ನೋಡೋರು ಬೇಕಲ್ಲ.

ಒಂದು ಭಾನುವಾರ ನಾನೇ ಒಂದು ಆಟ ಆಡಿದ್ದೆ. ಒಂದು ಲಿಸ್ಟಿನ ಅಂಕಿಗಳನ್ನ ಸ್ಪ್ರೆಡ್‌ಶೀಟಿಗೆ ಹಾಕಿ, ಪ್ಲೇಸ್‌ಮೆಂಟಿಗೆ ಇಷ್ಟು ತೂಕ, ಸಂಬಳಕ್ಕೆ ಇಷ್ಟು ತೂಕ ಅನ್ನೋದನ್ನೆಲ್ಲ ಬಿಟ್ಟು ಪೈಥಾನಲ್ಲಿ ಯದ್ವಾತದ್ವಾ ತೂಕ ಕೊಟ್ಟು ಹತ್ತು ಸಾವಿರ ಸಲ ರ‍್ಯಾಂಕ್ ಮಾಡಿಸ್ದೆ. ತುದಿಯಲ್ಲಿರೋ ಎರಡು ಮೂರು ಯಾವ ತೂಕ ಕೊಟ್ರೂ ಮೇಲೇ ಇದ್ವು, ಅವನ್ನ ಒಪ್ಕೋಬೇಕು. ಕೆಳಗಿನ ಕೆಲವು ಕೆಳಗೇ ಇದ್ವು. ಮಧ್ಯದವು ಮಾತ್ರ ಸಂತೆಯಲ್ಲಿ ಕೈಬಿಟ್ಟ ಮಕ್ಕಳ ಥರ, ಒಂದ್ಸಲ ಇಲ್ಲಿ ಒಂದ್ಸಲ ಅಲ್ಲಿ. ನನ್ ಕಸಿನ್ನಿನ 6 ಮತ್ತು 9 ಇರೋದು ಸರಿಯಾಗಿ ಆ ಜಾಗದಲ್ಲೇ. ನನ್ ಕೈಗೆ ಬಿಟ್ರೆ ನಂಬರ್ ತೆಗೆದು ಮೂರು ಗುಂಪು ಮಾಡ್ತಿದ್ದೆ, ಒಂದೊಂದು ಗುಂಪಲ್ಲಿ ಅಕ್ಷರಮಾಲೆ ಕ್ರಮ. ಆದ್ರೆ ಅದನ್ನ ಯಾರು ಕ್ಲಿಕ್ ಮಾಡ್ತಾರೆ.

ಹಾಗಾಗಿ ಅವನಿಗೆ ಹೇಳಿದ್ದು, ಎರಡೂ ಕಡೆಗೆ ಒಂದೇ ಇಮೇಲ್ ಕಳಿಸು. ಕಳೆದ ಮೂರು ಬ್ಯಾಚಲ್ಲಿ ಸೇರಿದವರು ಒಟ್ಟು ಎಷ್ಟು, ಅದ್ರಲ್ಲಿ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಲೆಕ್ಕದಿಂದ ಬಿಟ್ಟಿದ್ದು ಯಾರನ್ನ, ವೀಸಾ ಬೇಕಿದ್ದವರದ್ದು ಬೇರೆಯಾಗಿ ಎಷ್ಟು, ಮೀಡಿಯನ್ ಬೇಸ್ ಸಂಬಳ ಎಷ್ಟು, ಯಾವ ಯಾವ ಕೆಲಸ. ಹಾಗೇ ಲಿಂಕ್ಡ್‌ಇನ್‌ನಲ್ಲಿ ಹೋದ ವರ್ಷದ ಬ್ಯಾಚಿನವರನ್ನ ಒಬ್ಬೊಬ್ಬರನ್ನೇ ಹುಡುಕು, ಸಿಗದವರನ್ನ ಎಣಿಸು, ಸಿಕ್ಕವರಿಗಿಂತ ಸಿಗದವರ ಲೆಕ್ಕ ಮುಖ್ಯ.

ನಿನ್ನೆ ಸಂಜೆ ಸ್ಕ್ರೀನ್‌ಶಾಟ್ ಕಳಿಸ್ದ. 9ನೇದವರು ಒಂದು ಶೀಟ್ ಕಳಿಸಿದಾರೆ, ಸೇರಿದವರು ಇಷ್ಟು, ಮಧ್ಯದಲ್ಲಿ ಬಿಟ್ಟವರು ಇಬ್ಬರು, ಉತ್ತರ ಕೊಡದವರು ಒಬ್ಬರು, ಇನ್ನೂ ಹುಡುಕ್ತಿರೋರು ನಾಲ್ಕು ಜನ ಅಂತ ಸಾಲು ಸಾಲಾಗಿ. 6ನೇದವರು "ನಿಮ್ಮ ಆಸಕ್ತಿಗೆ ಧನ್ಯವಾದ" ಅಂತ ಹೇಳಿ ಬ್ರೋಷರ್ ಅಟ್ಯಾಚ್ ಮಾಡಿದಾರೆ, ಮುಖಪುಟದಲ್ಲಿ ದೊಡ್ಡದಾಗಿ 6 ಅಂತ ಇದೆ. ಕೆಳಗೆ ಅವನ ಮೆಸೇಜು: "ಅಣ್ಣಾ, ಈ ನಾಲ್ಕು ಜನ ಇನ್ನೂ ಹುಡುಕ್ತಿದಾರಂತೆ, ಭಯ ಆಗ್ತಿದೆ." ಹೌದು ಮಾರಾಯ, ಇನ್ನೊಂದು ಕಡೆ ಎಷ್ಟು ಜನ ಹುಡುಕ್ತಿದಾರೆ ಅಂತ ಕೇಳಿ ಆಮೇಲೆ ಭಯಪಡು ಅಂದೆ. ಮತ್ತೆ ಇಮೇಲ್ ಹಾಕಿದಾನೆ, ಉತ್ತರ ಇನ್ನೂ ಬಂದಿಲ್ಲ.